ಆರು ಜನ, ಒಂದೇ ದಿನ, 61 ಸಲ ರಿಕಾಯಿಲ್: ನನ್ನ ಅನುಭವ

ರಿಕಾಯಿಲ್ ರೋಲರ್ ಕೋಸ್ಟರಿನಿಂದ ಏಳನೇ ಸಲ ಇಳಿದು ಬಂದ ಮೇಲೆ ನಮ್ಮ ಗುಂಪಿನ ಮೇಷ್ಟ್ರು ಕಬ್ಬಿಣದ ಕಂಬಿ ಹಿಡಿದು ನಿಂತು, "ನೀರು ಕೂಡ ಬೇಡ, ಚೆನ್ನಾಗಿದೀನಿ" ಅಂದರು. ಆ ಮಾತು ಕೇಳೋದಕ್ಕೆ ನಾನು ಎರಡು ವರ್ಷ ಕಾದಿದ್ದೆ. ಮೂರು ಸಲ ಸೋತಿದ್ದೆ. ಮೇಷ್ಟ್ರಿಗೆ ವಾಂತಿ ಆಗದೆ ಆರೂ ಜನ ಒಂದೇ ದಿನ ಮತ್ತೆ ಮತ್ತೆ ಕೂರೋದು ಆಗುತ್ತೆ ಅಂತ ನಮ್ಮ ತುಮಕೂರಿನ ಗುಂಪಿನಲ್ಲಿ ನಂಬಿದವನು ನಾನೊಬ್ಬನೇ.

ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕು 2005ರಿಂದ ಇದೆ. ಇದನ್ನು ಓದುವವರಲ್ಲಿ ಹೆಚ್ಚಿನವರು ಹೋಗಿಬಂದಿರುತ್ತೀರಿ. ಹಾಗಾಗಿ ಅಲ್ಲಿನ ರಿಕಾಯಿಲ್ ಬಗ್ಗೆ ಹೆಚ್ಚು ವಿವರಿಸಲ್ಲ. ಒಂದು ಮಾತ್ರ ನೆನಪಿಟ್ಟುಕೊಳ್ಳಿ. ಅದು ನೆದರ್ಲೆಂಡಿನ ವೆಕೋಮಾ ಕಂಪನಿಯ ಬೂಮರಾಂಗ್ ಮಾದರಿಯ ರೋಲರ್ ಕೋಸ್ಟರ್. ಹಿಂದಕ್ಕೆ ಎಳೆದು ಬಿಡುತ್ತೆ, ಮೂರು ಸಲ ತಲೆಕೆಳಗು ಮಾಡುತ್ತೆ, ಎದುರಿನ ಏರು ಹತ್ತಿಸುತ್ತೆ. ಆಮೇಲೆ ಅದೇ ದಾರಿಯಲ್ಲಿ ಹಿಮ್ಮುಖವಾಗಿ ಇನ್ನು ಮೂರು ಸಲ. ಮುಂದಕ್ಕೆ ಹೋಗುವಾಗ ಯಾರಿಗೂ ಅಷ್ಟು ತೊಂದರೆ ಇಲ್ಲ. ಹೊಟ್ಟೆ ತೊಳಸೋದು ಹಿಂದಕ್ಕೆ ಬರುವಾಗ. ನಮ್ಮ ಮೇಷ್ಟ್ರ ಸಮಸ್ಯೆ ಪೂರ್ತಿ ಆ ಅರ್ಧದಲ್ಲೇ ಇತ್ತು.

ಮೊದಲನೇ ಸಲ ಹೋಗಿದ್ದು ಮೇ ತಿಂಗಳ ಒಂದು ಭಾನುವಾರ. ಟೆಂಪೋ ಟ್ರಾವೆಲರ್ ಮಾಡಿಕೊಂಡೆವು. ಗಾಡಿ ಒಂದೂವರೆ ಗಂಟೆ ತಡ. ಗೇಟು ಮುಟ್ಟಿದಾಗ ಹನ್ನೆರಡು ದಾಟಿತ್ತು. ರಜೆಯ ಜನ, ಜಾತ್ರೆ ಥರ. ಸಾಲಿನಲ್ಲಿ ಒಂದು ಗಂಟೆ ನಿಂತು ಒಂದು ಸುತ್ತು. ನಾಲ್ಕು ಗಂಟೆಗೆ ಗುಡುಗು ಶುರುವಾಯಿತು, ರೈಡ್ ನಿಲ್ಲಿಸಿದರು. ನಿಲ್ಲಿಸಲೇಬೇಕು, ಅದು ಸರಿಯೇ. ಮಳೆ ಬಿಟ್ಟ ಮೇಲೆ ಇನ್ನೊಂದು ಸುತ್ತು ಸಿಕ್ಕಿತು. ಮೇಷ್ಟ್ರು ಒಂದೇ ಸುತ್ತಿಗೆ ವಾಂತಿ ಮಾಡಿಕೊಂಡು ಸಂಜೆವರೆಗೂ ಬೆಂಚಿನ ಮೇಲೆ ಮಲಗಿದ್ದರು. ಟಿಕೆಟ್ಟು, ಗಾಡಿ ಬಾಡಿಗೆ, ಊಟ ಎಲ್ಲ ಸೇರಿ ಹದಿನೆಂಟು ಸಾವಿರದ ಮೇಲಾಯಿತು. ಆರು ಜನ ಸೇರಿ ಕೂತದ್ದು ಹನ್ನೊಂದು ಸಲ. ಅಂದರೆ ಒಬ್ಬ ಒಂದು ಸಲ ಕೂರೋದಕ್ಕೆ 1,700 ರೂಪಾಯಿ. ಆ ಲೆಕ್ಕದ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಎರಡನೇ ಸಲ ವಾರದ ದಿನ ಹೋದೆವು. ಸಾಲು ಕಡಿಮೆ ಇತ್ತು, ಆದರೆ ಮೊದಲು ನೀರಿಗೆ ಇಳಿದುಬಿಟ್ಟೆವು. ಅಲ್ಲೇ ತಪ್ಪಿದ್ದು. ನೈಲಾನ್ ಬಟ್ಟೆ ಹಾಕು, ತೆಗೆ, ಒಣಗಿಸು, ಲಾಕರ್ ಹತ್ತಿರ ಓಡು. ಎರಡು ಗಂಟೆ ಅದರಲ್ಲೇ ಹೋಯಿತು. ಒದ್ದೆ ತಲೆಯಲ್ಲಿ ಅಷ್ಟೆತ್ತರದ ಗಾಳಿ ಹೊಡೆದರೆ ಕಿವಿ ನೋವು ಬರುತ್ತೆ, ನಮ್ಮ ಗುಂಪಿನ ಬ್ಯಾಂಕಿನವನಿಗೆ ಮೂರು ದಿನ ಇತ್ತು. ಮಧ್ಯಾಹ್ನ ಹೊಟ್ಟೆ ತುಂಬಾ ಬಿರಿಯಾನಿ ಬೇರೆ. ಆಮೇಲೆ ಯಾರೂ ರಿಕಾಯಿಲ್ ಕಡೆ ತಿರುಗಿ ನೋಡಲಿಲ್ಲ. ತಲೆಗೆ ಎರಡೆರಡು ಸುತ್ತು, ಅಷ್ಟೇ.

ಮೂರನೇ ಸಲ ಮೇಷ್ಟ್ರಿಗೆ ವಾಂತಿ ಮಾತ್ರೆ ಕೊಡಿಸಿದೆವು. ವಾಂತಿ ಆಗಲಿಲ್ಲ. ಆದರೆ ಮನುಷ್ಯ ದಿನವಿಡೀ ತೂಕಡಿಸಿದರು. ರೈಡಿನಲ್ಲಿ ಕೂತದ್ದು ಅವರಿಗೆ ಸರಿಯಾಗಿ ನೆನಪೇ ಇಲ್ಲ. ಅದು ಆನಂದ ಅಲ್ಲ. ಜೊತೆಗೆ ಅವತ್ತು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಸರ್ವಿಸ್ ರಸ್ತೆ ಹಿಡಿಯೋದು ಬಿಟ್ಟು ಮುಖ್ಯ ರಸ್ತೆಗೆ ಏರಿದ್ದೆವು. ಟೋಲ್ ಕಟ್ಟಿದ್ದೂ ಆಯಿತು, ಹೋಗಬೇಕಾದ ಗೇಟನ್ನು ಪಕ್ಕದಲ್ಲೇ ನೋಡುತ್ತಾ ದಾಟಿದ್ದೂ ಆಯಿತು. ಮುಂದೆ ಎಲ್ಲೋ ತಿರುಗಿಸಿಕೊಂಡು ಬರೋಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಅವತ್ತು ರಾತ್ರಿ ಎಲ್ಲರೂ ಸೇರಿ ನನಗೆ, "ಇನ್ನು ಸಾಕು ಬಿಡು ಮಾರಾಯ, ದುಡ್ಡು ಸುಮ್ನೆ ದಂಡ" ಅಂದರು.

ದಾರಿ ತೋರಿಸಿದ್ದು ನಮ್ಮ ಗುಂಪಿನಲ್ಲೇ ಇರುವ ಮೊಬೈಲ್ ಅಂಗಡಿಯವನು. ಅವನು ಗದಗ ಕಡೆಯವನು. ಚಹಾ ಕುಡಿಯುವಾಗ ಹೇಳಿದ: "ಪಂಚಮಿಗೆ ನಮ್ಮೂರಾಗ ಜೋಕಾಲಿ ಕಟ್ಟತಾರಲ್ರಿ, ಮೊದಲನೇ ದಿನ ತಲಿ ತಿರಗತೈತಿ. ಮೂರನೇ ದಿನಕ್ಕ ಏನೂ ಆಗಂಗಿಲ್ಲ. ಮೇಷ್ಟ್ರಿಗೂ ಹಂಗ ರೂಢಿ ಮಾಡಸ್ರಿ." ನನಗೆ ತಟ್ಟನೆ ಹೊಳೆಯಿತು. ಹಿಂದಕ್ಕೆ ಹೋಗುವ ಓಟ ಜೋಕಾಲಿಯಲ್ಲೂ ಇದೆ, ಅಲ್ವಾ? ನಾವು ಎರಡು ವರ್ಷ ಮಾತ್ರೆ, ಊಟ, ಸಾಲು ಅಂತ ಯೋಚಿಸಿದ್ದೆವು. ಮೇಷ್ಟ್ರ ಮೈಯನ್ನು ಪಳಗಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಗಟ್ಟಿ ಜೋಕಾಲಿ ಒಂದಿದೆ. ಬೆಳಿಗ್ಗೆ ಐದೂಮುಕ್ಕಾಲಿಗೆ, ಮಕ್ಕಳು ಬರುವ ಮುಂಚೆ, ಮೇಷ್ಟ್ರನ್ನು ಕೂರಿಸಿದೆ. ಮೊದಲ ದಿನ ಇಪ್ಪತ್ತು ಜೀಕು. ಸಾಕು ಅಂದರು, ನಿಲ್ಲಿಸಿದೆ. ಹಟ ಮಾಡಿಸಲಿಲ್ಲ. ಹೊಟ್ಟೆ ತೊಳಸುವ ಮುಂಚೆಯೇ ನಿಲ್ಲಿಸಬೇಕು, ಇದು ಮುಖ್ಯ. ನಾಲ್ಕನೇ ದಿನಕ್ಕೆ ಐವತ್ತು. ಎರಡನೇ ವಾರ ಉಲ್ಟಾ ಮಾಡಿದೆ. ನಾನು ಮುಂದೆ ನಿಂತು, ಅವರ ಮಂಡಿ ಹಿಡಿದು ಹಿಂದಕ್ಕೆ ತಳ್ಳಿ ಬಿಡೋದು. ವಾಕಿಂಗ್ ಬರುವ ಹಿರಿಯರು ನಿಂತು ನೋಡುತ್ತಿದ್ದರು. ಒಬ್ಬರು, "ಯಾಕಪ್ಪಾ, ಇವರಿಗೆ ಏನಾಗಿದೆ?" ಅಂತ ಕಾಳಜಿಯಿಂದ ಕೇಳಿದರು. ಒಟ್ಟು ಇಪ್ಪತ್ತು, ಇಪ್ಪತ್ತೆರಡು ದಿನ ಮಾಡಿದ್ದೇವೆ. ಖರ್ಚು ಸೊನ್ನೆ.

ನಡುವೆ ಒಂದು ಕೆಟ್ಟ ಪ್ರಯೋಗವನ್ನೂ ಮಾಡಿದೆ. ಅಂಗಡಿಯ ತಿರುಗುವ ಕುರ್ಚಿಯಲ್ಲಿ ಮೇಷ್ಟ್ರನ್ನು ಕೂರಿಸಿ ಗಿರಗಿರ ತಿರುಗಿಸಿದೆ. ಹತ್ತೇ ಸುತ್ತಿಗೆ ಮುಖ ಬೆಳ್ಳಗಾಯಿತು. ಆಮೇಲೆ ಎರಡು ದಿನ ಜೋಕಾಲಿಗೂ ಬರಲಿಲ್ಲ. ಅದು ಬೇರೆ ಥರದ ತಿರುಗು, ಇದು ಬೇರೆ. ಯಾರೂ ಮಾಡಬೇಡಿ. ಇನ್ನೊಂದು ಪ್ರಯೋಗ ಕಣ್ಣಿನದು. ಜೋಕಾಲಿಯಲ್ಲಿ ಕಣ್ಣು ಮುಚ್ಚಿದರೆ ಅವರಿಗೆ ಬೇಗ ತೊಳಸುತ್ತಿತ್ತು. ಕಣ್ಣು ಬಿಟ್ಟು ದೂರದ ತೆಂಗಿನ ಮರ ನೋಡಿದರೆ ತಡೆಯುತ್ತಿತ್ತು. ಹೆದರಿಕೆ ಆದರೆ ಕಣ್ಣು ಮುಚ್ಚಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರಲ್ಲ, ಮೇಷ್ಟ್ರ ವಿಷಯದಲ್ಲಿ ಅದು ಪೂರ್ತಿ ತಪ್ಪು.

ಇನ್ನು ದಿನದ ಆಯ್ಕೆ. ಆಷಾಢದ ಮಂಗಳವಾರ ಹೋಗೋಣ ಅಂದೆ. ಎಲ್ಲರೂ ಬೈದರು. ಮಳೆ ಬರುತ್ತೆ, ಗಾಳಿ ಇರುತ್ತೆ, ರಜೆ ಹಾಕಬೇಕು, ಮನೆಯಲ್ಲಿ ಆಷಾಢದಲ್ಲಿ ತಿರುಗಾಟ ಯಾಕೆ ಅಂತಾರೆ. ಆದರೆ ನೋಡಿ, ನಮ್ಮ ಕಡೆ ಆಷಾಢದ ಮಳೆ ಬರೀ ತುಂತುರು. ದೊಡ್ಡ ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಸಂಜೆ ಗುಡುಗಿ ರೈಡ್ ನಿಲ್ಲಿಸೋದು ಮೇ ತಿಂಗಳಲ್ಲಿ. ಶಾಲೆ ಕಾಲೇಜು ಶುರುವಾಗಿರುತ್ತೆ. ಮದುವೆ ಇಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿನಲ್ಲಿರುತ್ತಾರೆ, ಹಾಗಾಗಿ ಹೊಸ ಜೋಡಿಗಳೂ ಕಡಿಮೆ. ಇದಕ್ಕಿಂತ ಒಳ್ಳೆಯ ದಿನ ಇಲ್ಲ ಅಂತ ನನಗೆ ಖಾತ್ರಿ ಇತ್ತು. ಮೇಷ್ಟ್ರು ಒಂದು ಸಿ.ಎಲ್. ಹಾಕಿದರು. ಬ್ಯಾಂಕಿನವನು ಕೊನೆಗೆ ಒಪ್ಪಿದ.

ಈ ಸಲ ಬಾಡಿಗೆ ಗಾಡಿ ಬೇಡ ಅಂತ ಭಾವನ ಎರ್ಟಿಗಾ ತಗೊಂಡೆವು. ನೈಸ್ ರಸ್ತೆಯ ಟೋಲೂ ಬೇಡ ಅಂತ ಕುಣಿಗಲ್, ಮಾಗಡಿ ಮೇಲೆ ಬಿಡದಿಗೆ ಬಂದೆವು. ಮಾಗಡಿ ದಾಟಿದ ಮೇಲೆ ಬಂಡೆಗಳ ನಡುವೆ ಆ ರಸ್ತೆ ಮಂಜಿನಲ್ಲಿ ಎಷ್ಟು ಚೆಂದ ಅಂತೀರಿ! ಹೋಗಿಬರಲು ಪೆಟ್ರೋಲು ಸುಮಾರು 1,300.

ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗೋದು ಆಗದ ಮಾತು. ಆದರೆ ನನ್ನ ನಿಯಮ: ತಲೆಗೆ ಒಂದೇ ಇಡ್ಲಿ, ಮೇಲೆ ಬೆಣ್ಣೆ ಬೇಡ, ಚಟ್ನಿ ಸ್ವಲ್ಪ, ಕಾಫಿ ಇಲ್ಲ. ಅದೂ ಒಂಬತ್ತೂಕಾಲರ ಒಳಗೆ ಮುಗಿಯಬೇಕು. ಪೂರ್ತಿ ಖಾಲಿ ಹೊಟ್ಟೆಯೂ ಕೆಟ್ಟದ್ದೇ, ಹುಳಿ ಮೇಲೆ ಬರುತ್ತೆ. ಒಂದು ತಟ್ಟೆ ಇಡ್ಲಿ ಸರಿಯಾದ ಅಳತೆ. ಹೋಲಿಸಿ ನೋಡಲಿ ಅಂತ ಬ್ಯಾಂಕಿನವನಿಗೆ ಮಾತ್ರ ಬೆಣ್ಣೆ ಹಾಕಿದ ಎರಡು ಕೊಡಿಸಿದೆ. ಮೂರನೇ ಸುತ್ತಿಗೇ ಅವನು, "ಸ್ವಲ್ಪ ಕೂತ್ಕೋತೀನಿ" ಅಂದ. ನನ್ನ ಲೆಕ್ಕ ಸರಿ ಅಂತ ಅಲ್ಲೇ ಗೊತ್ತಾಯಿತು.

ಹತ್ತೂವರೆಗೆ ಗೇಟು. ಟಿಕೆಟ್ ತಲೆಗೆ 1,300ರ ಹತ್ತಿರ. ಆನ್‌ಲೈನಿನಲ್ಲಿ ಮೊದಲೇ ಮಾಡಿಸಿದ್ದೆ. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತಗೊಳ್ಳಲಿಲ್ಲ. ಅದಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು ಹೋಗುತ್ತೆ, ಇಂಥ ದಿನಕ್ಕೆ ಅದು ಬೇಕಾಗಿಯೂ ಇಲ್ಲ. ಹನ್ನೊಂದಕ್ಕೆ ಬಾಗಿಲು ತೆಗೆದ ಕೂಡಲೇ ಲಾಕರಿಗೂ ನಿಲ್ಲದೆ ನೇರ ರಿಕಾಯಿಲ್. ಒಬ್ಬರ ಹತ್ತಿರವೂ ಚೀಲ ಇರಲಿಲ್ಲ. ಫೋನು ನಾಲ್ಕು ಕಾರಿನಲ್ಲೇ, ಎರಡು ಮಾತ್ರ ಒಳಗೆ. ಹೆಚ್ಚಿನ ಸುತ್ತುಗಳಲ್ಲಿ, ನನ್ನನ್ನು ಬಿಟ್ಟು ಉಳಿದವರಲ್ಲಿ ಒಬ್ಬ ಸರದಿ ಮೇಲೆ ಕೆಳಗೆ ನಿಂತು ಎಲ್ಲರ ಸಾಮಾನು ನೋಡಿಕೊಳ್ಳೋದು. ಅವನಿಗೆ ಅದೇ ವಿಶ್ರಾಂತಿ.

ಫೋನಿನಲ್ಲಿ ಹೊತ್ತು ಅಳೆದೆ. ರಿಕಾಯಿಲ್ ಗಾಡಿಯಲ್ಲಿ 28 ಸೀಟು. ಒಂದು ಸುತ್ತು ಹೊರಟು ಮತ್ತೊಂದು ಸುತ್ತು ಹೊರಡಲು ಸುಮಾರು ನಾಲ್ಕೂವರೆ ನಿಮಿಷ. ಮುಂದೆ ಅರವತ್ತು ಜನ ಇದ್ದರೆ ಮೂರನೇ ಸುತ್ತು ನಮ್ಮದು, ಕಾಲು ಗಂಟೆಯ ಒಳಗೆ. ಹನ್ನೊಂದರಿಂದ ಹನ್ನೆರಡರವರೆಗೆ ಮೂರು ಸುತ್ತು. ಆಮೇಲೆ ಬಂತು ನಾನು ಕಾಯುತ್ತಿದ್ದ ಹೊತ್ತು. ನೀರಿನ ಆಟ ಶುರುವಾದ ಕೂಡಲೇ ಜನ ಪೂರ್ತಿ ಆ ಕಡೆ ಹರಿದರು. ಇಲ್ಲಿ ಸಾಲೇ ಇಲ್ಲ. ಹನ್ನೆರಡರಿಂದ ಎರಡೂಕಾಲರವರೆಗೆ ಆರು ಸುತ್ತು ಹೊಡೆದೆವು. ಇನ್ನೂ ಹೊಡೆಯಬಹುದಿತ್ತು. ನಾನೇ ಬೇಕಂತ ಎರಡು ಸುತ್ತಿಗೊಂದು ವಿರಾಮ ಇಟ್ಟಿದ್ದೆ. ವಿರಾಮದಲ್ಲಿ ಕೂರೋದಲ್ಲ, ನಿಧಾನ ನಡೆಯೋದು. ಒಂದು ಗುಟುಕು ನೀರು. ಜೊತೆಗೆ ಬಾಯಿಗೆ ಹಾಕಿಕೊಳ್ಳಲು ನನ್ನ ಹೆಂಡತಿ ಒಂದು ಪುಡಿ ಕಟ್ಟಿಕೊಟ್ಟಿದ್ದಳು. ಅದರಲ್ಲಿ ಶುಂಠಿ ಇದೆ ಅಂತ ಮಾತ್ರ ಹೇಳಬಲ್ಲೆ. ಉಳಿದದ್ದು ಅವಳ ತವರಿನ ಗುಟ್ಟು.

ಕೂರೋ ಜಾಗದ ಬಗ್ಗೆ. ಭುಜದ ಮೇಲೆ ಬರುವ ಕಂಬಿಗೆ ಕಿವಿ ಬಡಿಯುತ್ತೆ ಅಂತ ಎಲ್ಲರ ದೂರು. ತಲೆಯನ್ನು ಹಿಂದಿನ ಒರಗಿಗೆ ಗಟ್ಟಿಯಾಗಿ ಒತ್ತಿಡಿ, ಕುತ್ತಿಗೆ ಸಡಿಲ ಬಿಡಬೇಡಿ, ಬಡಿಯಲ್ಲ. ಮುಂದಿನ ಸಾಲಿನಲ್ಲಿ ಎರಡನೇ ಏರಿನ ತುದಿಯಲ್ಲಿ ಬರೀ ಆಕಾಶ ಕಾಣುತ್ತೆ. ಜೀವ ಬಾಯಿಗೆ ಬರುತ್ತೆ, ನನಗೆ ಅದೇ ಇಷ್ಟ. ಕೊನೆಯ ಸಾಲಿನಲ್ಲಿ ಮೊದಲನೇ ಏರಿನಲ್ಲಿ ನೇತುಬಿದ್ದ ಹಾಗೆ ಕೆಳಗೆ ನೆಲ ಕಾಣುತ್ತೆ. ಮೇಷ್ಟ್ರನ್ನು ಕೂರಿಸಿದ್ದು ಎರಡೂ ಅಲ್ಲ. ಯಾವ ಸಾಲು ಅಂತ ಇಲ್ಲಿ ಬರೆಯಲ್ಲ, ಆಮೇಲೆ ಅದಕ್ಕೇ ನೂಕುನುಗ್ಗಲು ಆಗುತ್ತೆ. ಎರಡನೇ ಏರಿನ ತುದಿಯಲ್ಲಿ ಗಾಡಿ ಒಂದು ಕ್ಷಣ ತಡೆದು ಬಿಡುತ್ತಲ್ಲ, ಆ ಕ್ಷಣದಲ್ಲಿ ಅವರಿಗೆ ಒಂದು ಕೆಲಸ ಹೇಳಿಕೊಟ್ಟಿದ್ದೆ. ಜೋಕಾಲಿಯಲ್ಲೇ ರೂಢಿ ಮಾಡಿಸಿದ್ದು. ಅದೂ ನಮ್ಮ ನಮ್ಮಲ್ಲೇ ಇರಲಿ. ಒಂದಂತೂ ಹೇಳುತ್ತೇನೆ, ಬಾಯಿ ಬಿಗಿ ಹಿಡಿದು ಕೂರಬೇಡಿ. ಜೋರಾಗಿ ಕೂಗಿ. ಕೂಗಿದರೆ ಉಸಿರು ಹೊರಗೆ ಬರುತ್ತೆ, ಹೊಟ್ಟೆ ಹಗುರ ಆಗುತ್ತೆ. ಮೊದಲ ಎರಡು ಸುತ್ತು ಮೇಷ್ಟ್ರು ಸಂಕೋಚಪಟ್ಟರು. ಮೂರನೇ ಸುತ್ತಿಗೆ ಅವರ ಕೂಗು ಕೆಳಗೆ ಸಾಮಾನು ಕಾಯುತ್ತಿದ್ದವನಿಗೂ ಕೇಳಿಸಿತಂತೆ.

ಎರಡೂವರೆಗೆ ಊಟ. ಮೊಸರನ್ನ, ಒಂದೊಂದು ಬಾಳೆಹಣ್ಣು. ಹೊರಗಿನ ತಿಂಡಿ ಒಳಗೆ ಬಿಡಲ್ಲ, ಅಲ್ಲೇ ತಗೊಂಡೆವು. ಎಲ್ಲರಿಗೂ ಸೇರಿ 1,400 ಆಗಿರಬೇಕು. ಆಮೇಲೆ ನೀರಿಗೆ ಹೋದೆವು. ಅಲೆಗಳ ಕೊಳ, ರೇನ್ ಡಿಸ್ಕೋ. ರೇನ್ ಡಿಸ್ಕೋದಲ್ಲಿ ಬಿಸಿ ನೀರು ಸುರಿಯುತ್ತೆ, ಆಷಾಢದ ಚಳಿಗೆ ಸ್ವರ್ಗ. ಒಂದು ಗಂಟೆ, ಅಷ್ಟೇ. ಪೂರ್ತಿ ಒಣಗಿ, ಬಟ್ಟೆ ಬದಲಿಸಿ, ಟೋಪಿ ಇದ್ದವರು ಕಿವಿ ಬೆಚ್ಚಗೆ ಮಾಡಿಕೊಂಡು ಮತ್ತೆ ರಿಕಾಯಿಲ್. ಸಂಜೆ ಜನ ವಾಪಸ್ ಬಂದಿದ್ದರು, ಆದರೂ ಮೂರು ಸುತ್ತು ಸಿಕ್ಕವು. ಅಷ್ಟು ಹೊತ್ತಿಗೆ ಸಣ್ಣ ತುಂತುರು ಬಂತು. ಎರಡು ನಿಮಿಷಕ್ಕೆ ಹೋಯಿತು. ನಾನು ಬ್ಯಾಂಕಿನವನ ಮುಖ ನೋಡಿದೆ.

ನನ್ನದು ಹನ್ನೆರಡು. ಮೇಷ್ಟ್ರದ್ದು ಏಳು. ಉಳಿದವರದ್ದು ಹತ್ತು, ಹನ್ನೊಂದು. ಒಟ್ಟು 61. ಒಬ್ಬರಿಗೂ ವಾಂತಿ ಇಲ್ಲ. ಪಾರ್ಕಿಂಗು, ಲಾಕರು, ಬೆಳಗಿನ ತಿಂಡಿ ಎಲ್ಲ ಸೇರಿ ಖರ್ಚು ಹನ್ನೊಂದೂವರೆ ಸಾವಿರದ ಒಳಗೆ. ಒಂದು ಸಲಕ್ಕೆ 190 ರೂಪಾಯಿ ಬೀಳುತ್ತೆ. ಹಿಂದಿನ 1,700ರ ಚೀಟಿ ತೆಗೆದು ಕಾರಿನಲ್ಲಿ ಎಲ್ಲರಿಗೂ ತೋರಿಸಿದೆ.

ವಾಪಸ್ ಬರುವಾಗ ಮಾಗಡಿಯಲ್ಲಿ ಕಾಫಿಗೆ ನಿಲ್ಲಿಸಿದೆವು. ಮೇಷ್ಟ್ರು ಮಸಾಲೆ ದೋಸೆ ಹೇಳಿದರು, ಆಮೇಲೆ ಇನ್ನೊಂದು ಹೇಳಿದರು. ತಿನ್ನುತ್ತಲೇ ಮೊಬೈಲ್ ಅಂಗಡಿಯವನನ್ನು ಕೇಳಿದರು, "ಪಂಚಮಿಗೆ ನಿಮ್ಮೂರಲ್ಲಿ ಜೋಕಾಲಿ ಯಾವ ಮರಕ್ಕೆ ಕಟ್ಟುತ್ತಾರಪ್ಪಾ?" ಬೇವಿನ ಮರ ಅಂದ. ಎಷ್ಟು ಎತ್ತರ ಅಂತ ಕೇಳಿದರು. ಮುಂದಿನ ತಿಂಗಳು ಆರೂ ಜನ ಗದಗಕ್ಕೆ ಹೊರಟಿದ್ದೇವೆ.