ದುಬೈ ಅಟ್ಲಾಂಟಿಸ್‌ಗೆ ಮನೆಮಂದಿ ಜೊತೆ ಹೋಗ್ತೀರಾ? ಕಲಬುರಗಿ ಕಡೆಯವರು ಇದನ್ನೊಮ್ಮೆ ಓದಿ

ಏನೇ ಬುಕ್ ಮಾಡುವ ಮೊದಲು ಮಕ್ಕಳ ಎತ್ತರ ಅಳೆಯಿರಿ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗುವ ಹಾಗೆ ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಅಡ್ಡ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಆಮೇಲೆ ಟೇಪ್ ಹಿಡಿಯಿರಿ. 120 ಸೆಂಟಿಮೀಟರ್ ದಾಟಿತಾ? ಹಾಗಾದರೆ ಸರಿ. ಅಟ್ಲಾಂಟಿಸ್ ಹೋಟೆಲಿಗೆ ಸೇರಿದ ಅಕ್ವಾವೆಂಚರ್ ವಾಟರ್ ಪಾರ್ಕಿನಲ್ಲಿ ದೊಡ್ಡ ಸ್ಲೈಡ್‌ಗಳಿಗೆ ಹೆಚ್ಚುಕಡಿಮೆ ಇದೇ ಅಳತೆ. ಒಂದೆರಡು ಸೆಂಟಿಮೀಟರ್ ಕಮ್ಮಿ ಇದ್ದರೂ ಬಿಡುವುದಿಲ್ಲ, ಬಿಡಲೂಬಾರದು. ಮಗು 117, 118ರಲ್ಲಿ ಇದ್ದರೆ ಆರು ತಿಂಗಳು ತಡೆದು ಹೋಗಿ ಅಂತಲೇ ನಾನು ಹೇಳೋದು. ಅಷ್ಟು ದುಡ್ಡು ಹಾಕಿ ಅಷ್ಟು ದೂರ ಹೋಗಿ, ಅಣ್ಣ ಮೇಲೆ ಹತ್ತುವಾಗ ತಂಗಿ ಕೆಳಗೆ ಅಳುತ್ತಾ ನಿಲ್ಲೋದು ಬೇಡ. ತೀರಾ ಚಿಕ್ಕವರಿಗೆ ಮಾತ್ರ ಈ ಚಿಂತೆ ಇಲ್ಲ, ಅವರ ಆಟಕ್ಕೆ ಬೇರೆ ಜಾಗವೇ ಇದೆ.

ಈಗ ದುಡ್ಡಿನ ಮಾತು. ಪಾಮ್ ಜುಮೇರಾ ದ್ವೀಪದ ತುದಿಯಲ್ಲಿರುವ ಈ ಹೋಟೆಲು 2008ರಲ್ಲಿ ಶುರುವಾಯಿತು. ಇಲ್ಲಿ ತಂಗಿದವರಿಗೆ ವಾಟರ್ ಪಾರ್ಕ್ ಪ್ರವೇಶ ರೂಮಿನ ಬಾಡಿಗೆಯಲ್ಲೇ ಬರುತ್ತದೆ. ಹೊರಗಿನಿಂದ ಬರುವವರು ತಲೆಗೊಂದು ಟಿಕೆಟ್ ತೆಗೆಯಬೇಕು. ಹಾಗಾಗಿ ಮಕ್ಕಳು ಪಾರ್ಕಿನಲ್ಲಿ ಕಳೆಯುವ ದಿನಕ್ಕಷ್ಟೇ ಇಲ್ಲಿ ರೂಮ್ ತೆಗೆದುಕೊಳ್ಳಿ. ನನ್ನ ಲೆಕ್ಕದಲ್ಲಿ ಎರಡು ರಾತ್ರಿ ಸಾಕು. ಬುರ್ಜ್ ಖಲೀಫಾ, ಮರುಭೂಮಿ, ಮೀನಾ ಬಜಾರ್ ಸುತ್ತುವ ದಿನಗಳಿಗೆ ಬುರ್ ದುಬೈ ಕಡೆ ಸಾಧಾರಣ ಹೋಟೆಲು ಹಿಡಿಯಿರಿ, ಬೆಳಗ್ಗೆಯಿಂದ ರಾತ್ರಿವರೆಗೆ ಬೀದಿಯಲ್ಲೇ ಇರುವವರಿಗೆ ಐಷಾರಾಮಿ ಹಾಸಿಗೆ ಯಾಕೆ ಹೇಳಿ. ರೂಮ್ ಕೈಗೆ ಸಿಗೋದು ಮಧ್ಯಾಹ್ನದ ಮೇಲೆ. ಬೆಳಗ್ಗೆಯೇ ಹೋಗಿ ಲಗೇಜು ಕೊಟ್ಟು ಪಾರ್ಕಿಗೆ ಇಳಿಯಬಹುದಾ, ಖಾಲಿ ಮಾಡುವ ದಿನವೂ ಪಾರ್ಕ್ ಸಿಗುತ್ತಾ, ಎರಡನ್ನೂ ಬುಕ್ ಮಾಡುವಾಗಲೇ ಮೇಲ್‌ನಲ್ಲಿ ಕೇಳಿ ಬರೆಸಿಕೊಳ್ಳಿ.

ಬಾಡಿಗೆ ಜೊತೆಗೆ ಟೂರಿಸಂ ದಿರ್ಹಮ್ ಅಂತ ಒಂದು ಶುಲ್ಕವಿದೆ. ಪಂಚತಾರಾ ಹೋಟೆಲಿನಲ್ಲಿ ಒಂದು ಬೆಡ್‌ರೂಮಿಗೆ ರಾತ್ರಿಗೆ 20 ದಿರ್ಹಮ್ (ದಿರ್ಹಮ್ ಅಂದರೆ ಅಲ್ಲಿಯ ಹಣ). ರಿಸೆಪ್ಶನ್‌ನಲ್ಲಿ ಡಿಪಾಸಿಟ್ ಅಂತ ಕಾರ್ಡಿನಲ್ಲಿ ಒಂದಷ್ಟು ಮೊತ್ತ ಹಿಡಿದಿಡುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಅದು ವಾಪಸ್ ಬರಲು ದಿನಗಟ್ಟಲೆ ಆಗಬಹುದು, ಕ್ರೆಡಿಟ್ ಕಾರ್ಡೇ ಕೊಡಿ. ವಿದೇಶದ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಮನೆಯಲ್ಲೇ ಆನ್ ಮಾಡಿಕೊಂಡು ಹೊರಡಿ. ಮಷೀನು ರೂಪಾಯಿನಾ ದಿರ್ಹಮ್ಮಾ ಅಂತ ಕೇಳಿದರೆ ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ರೇಟು, ಅದು ಯಾವಾಗಲೂ ಜಾಸ್ತಿನೇ.

ನಮ್ಮ ಕಡೆಯಿಂದ ಹತ್ತಿರದ ದಾರಿ ಹೈದರಾಬಾದ್. ಕಲಬುರಗಿಯವರು ಹುಮನಾಬಾದ್, ಜಹೀರಾಬಾದ್ ಮೇಲೆ ಹೋಗಿ ಹೊರವರ್ತುಲ ರಸ್ತೆ ಹಿಡಿದರೆ ಊರೊಳಗಿನ ಟ್ರಾಫಿಕ್ ಇಲ್ಲದೆ ಶಂಷಾಬಾದ್ ವಿಮಾನ ನಿಲ್ದಾಣ ಮುಟ್ಟಬಹುದು. ಬೀದರ್‌ನವರಿಗೆ ಇನ್ನೂ ಹತ್ತಿರ. ಯಾದಗಿರಿಯವರಿಗೆ ಮೆಹಬೂಬ್‌ನಗರದ ದಾರಿಯೂ ಇದೆ, ಶಂಷಾಬಾದ್ ಆ ಹೆದ್ದಾರಿಯಲ್ಲೇ ಸಿಗುತ್ತದೆ. ವಿಮಾನದಲ್ಲಿ ಸುಮಾರು ನಾಲ್ಕು ತಾಸು. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ.

ಹಾಲು ಕುಡಿಯೋ ಕೂಸಿಗೂ ಬೇರೆ ಪಾಸ್‌ಪೋರ್ಟ್ ಬೇಕು, ವೀಸಾ ಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಹಳೆಯದಿದ್ದರೆ ತೆಗೆದು ನೋಡಿ. ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಹೊಸದು ಮಾಡಿಸಿಯೇ ಹೊರಡಿ.

ಹೋಗುವ ಕಾಲ ದಸರಾ ರಜೆ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯದು. ಬಿಸಿಲು ನಮಗೇನು ಹೊಸದಾ ಅಂತ ಮೇ ತಿಂಗಳಲ್ಲಿ ಹೊರಡಬೇಡಿ. ನಮ್ಮದು ಒಣ ಬಿಸಿಲು, ನೆರಳಿಗೆ ಹೋದರೆ ಜೀವ ತಣ್ಣಗಾಗುತ್ತದೆ. ದುಬೈಯದು ಸಮುದ್ರದ ಸೆಕೆ. ಮೈ ಒರೆಸಿದಷ್ಟೂ ಬೆವರುತ್ತದೆ, ನೆಲ ಅಂಗಾಲು ಸುಡುತ್ತದೆ. ಯಾವ ತಿಂಗಳಲ್ಲಿ ಹೋದರೂ ನೀರಲ್ಲಿ ಹಾಕುವ ರಬ್ಬರ್ ಚಪ್ಪಲಿ ಇರಲಿ.

ಬುತ್ತಿ ವಿಷಯ ಗಮನವಿಟ್ಟು ಓದಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಧಾರಾಳ ಒಯ್ಯಿರಿ, ರಾತ್ರಿ ರೂಮಿನಲ್ಲಿ ಕೂತು ತಿನ್ನಲು ಅದರಷ್ಟು ಚೆಂದ ಬೇರೆ ಇಲ್ಲ. ಪಾರ್ಕಿನೊಳಗೆ ಮಾತ್ರ ಹೊರಗಿನ ಊಟ ಬಿಡುವುದಿಲ್ಲ. ಆದರೆ ಗಸಗಸೆ ಒಂದು ಕಾಳೂ ಬೇಡ. ಯುಎಇಯಲ್ಲಿ ಗಸಗಸೆ ನಿಷೇಧಿತ ವಸ್ತು, ಮಾದಕ ದ್ರವ್ಯದ ಕಾನೂನಿನಡಿ ಬರುತ್ತದೆ, ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ. ಅಮ್ಮ, ಅತ್ತೆ ಪ್ರೀತಿಯಿಂದ ಕಟ್ಟಿಕೊಡುವ ಮಸಾಲೆ ಪುಡಿ, ಉಂಡೆ, ಕರ್ಜಿಕಾಯಿಯಲ್ಲಿ ಅದು ಬಿದ್ದಿದೆಯಾ ಅಂತ ಬಾಯಿಬಿಟ್ಟು ಕೇಳಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳಿಗೂ ನಿರ್ಬಂಧ ಇದೆ. ಹಿರಿಯರ ಬಿಪಿ, ಶುಗರ್ ಮಾತ್ರೆಗಳನ್ನು ಸ್ಟ್ರಿಪ್ ಸಮೇತ, ಡಾಕ್ಟರ್ ಚೀಟಿ ಜೊತೆ ಇಟ್ಟುಕೊಳ್ಳಿ.

ಬಟ್ಟೆ ಬಗ್ಗೆ ನಮ್ಮ ಹೆಣ್ಣುಮಕ್ಕಳು ಸುಮ್ನೆ ಸಂಕೋಚಪಟ್ಟು ದಡದಲ್ಲೇ ಕೂತುಬಿಡುತ್ತಾರೆ. ಅದರ ಅಗತ್ಯವೇ ಇಲ್ಲ. ಪೂರ್ತಿ ತೋಳು, ಪೂರ್ತಿ ಕಾಲು ಮುಚ್ಚುವ ಈಜು ಉಡುಪು ಹಾಕಿಕೊಂಡು ಎಷ್ಟೋ ಹೆಂಗಸರು ಅಲ್ಲಿ ಆಡುತ್ತಾರೆ. ಹತ್ತಿ ಚೂಡಿದಾರ, ಸೀರೆ ನಡೆಯುವುದಿಲ್ಲ, ಅವು ನೀರು ಕುಡಿದು ಭಾರವಾಗುತ್ತವೆ, ದುಪಟ್ಟಾ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಇಲ್ಲಿಂದಲೇ ನೈಲಾನ್ ಅಥವಾ ಲೈಕ್ರಾದ್ದು, ಜಿಪ್ಪು ಗುಂಡಿ ಇಲ್ಲದ್ದು ಖರೀದಿಸಿ. ತಾಳಿ, ಓಲೆ, ಬಳೆ ರೂಮಿನ ಲಾಕರ್‌ನಲ್ಲಿ ಇರಲಿ.

ಪಾರ್ಕ್ ಬಾಗಿಲು ತೆರೆಯುತ್ತಿದ್ದಂತೆ ಒಳಗಿರಿ. ದೊಡ್ಡ ಸ್ಲೈಡ್‌ಗಳನ್ನು ಬೆಳಗ್ಗೆಯೇ ಮುಗಿಸಿ, ಮಧ್ಯಾಹ್ನ ಕ್ಯೂ ಉದ್ದ. ಲೀಪ್ ಆಫ್ ಫೇತ್ ಅನ್ನೋದು ಹತ್ತಿರ ಹತ್ತಿರ ನೆಟ್ಟಗೆ ಬೀಳುವ ಸ್ಲೈಡು, ಕೊನೆಗೆ ಶಾರ್ಕ್ ಮೀನುಗಳ ಕೊಳದ ನಡುವಿನ ಪಾರದರ್ಶಕ ಕೊಳವೆಯಲ್ಲಿ ಹಾದುಹೋಗುತ್ತದೆ. ಬೆನ್ನುನೋವು, ಹೃದಯದ ತೊಂದರೆ ಇರುವವರು, ಬಸುರಿಯರು ಅದರ ಹತ್ತಿರ ಹೋಗಬೇಡಿ. ಈಜು ಬರದಿದ್ದರೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ ಅಲ್ವಾ? ನೀರು ಬೇಡ ಅನ್ನೋ ಅಜ್ಜಿ ತಾತನಿಗೆ ಹೋಟೆಲಿನೊಳಗಿನ ಲಾಸ್ಟ್ ಚೇಂಬರ್ಸ್ ಅಕ್ವೇರಿಯಂ ಇದೆ. ತಂಪಾಗಿ ಕೂತು ಮೀನು ನೋಡಬಹುದು.

ಕೊನೆ ದಿನ ರೂಮ್ ಖಾಲಿ ಮಾಡಿ ಲಗೇಜು ಕೌಂಟರಿನಲ್ಲಿಡುವ ಮೊದಲು ಒಂದು ಜೊತೆ ಒಣ ಬಟ್ಟೆ, ಪಾಸ್‌ಪೋರ್ಟುಗಳು, ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಚೀಲ, ಇಷ್ಟನ್ನು ಬೇರೆ ಕೈಚೀಲಕ್ಕೆ ಹಾಕಿ. ಬಿಲ್ಲನ್ನು ಅಲ್ಲೇ ನಿಂತು ಸಾಲು ಸಾಲಾಗಿ ಓದಿ, ಡಿಪಾಸಿಟ್ ಬಿಟ್ಟಿದ್ದಾರಾ ಅಂತ ಕೇಳಿ.