ಮೊದಲು ಮೀಟರ್, ಆಮೇಲೆ ಪ್ಯಾನೆಲ್

ಮನೆಗೆ ಸೋಲಾರ್ ಹಾಕಿಸಬೇಕು ಎಂದು ಹೊರಟವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕಿಲೋವ್ಯಾಟ್ ಬೇಕು?’ ಎಂಬುದು. ನಾನು ವಿಚಾರಿಸಿದಾಗ ಬಂದ ಸೋಲಾರ್ ಮಾರುವವರು ಬಿಲ್ ನೋಡಿ, ತಾರಸಿ ಅಳೆದು, ‘ಐದು ಕಿಲೋವ್ಯಾಟ್ ಹಾಕಿಸ್ಬಿಡಿ ಸರ್, ಆಮೇಲೆ ಯೋಚನೆನೇ ಇರಲ್ಲ’ ಅಂದರು. ಕೊನೆಗೆ ನಾವು ಹಾಕಿಸಿದ್ದು ಮೂರು ಕಿಲೋವ್ಯಾಟ್. ಸ್ನಾನದ ನೀರು, ಅಡುಗೆ, ಸ್ಕೂಟರ್ ಚಾರ್ಜಿಂಗ್ ಎಲ್ಲವೂ ಈಗ ಅದರಲ್ಲೇ ನಡೆಯುತ್ತಿವೆ. ಅಡುಗೆ ಮತ್ತು ಸ್ಕೂಟರ್ ಆಗ ಕರೆಂಟಿನ ಲೆಕ್ಕದಲ್ಲಿ ಇರಲೇ ಇಲ್ಲ ಎಂಬುದನ್ನೂ ಗಮನಿಸಿ. ಪ್ಯಾನೆಲ್ ಕೊಳ್ಳುವ ಮೊದಲು ಮನೆಯೊಳಗಿನ ಖರ್ಚನ್ನು ಅಳೆದು ಇಳಿಸಿದ್ದರಿಂದ ಇದು ಸಾಧ್ಯವಾಯಿತು. ಹೇಗೆ ಎಂಬುದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಅಳೆಯಲು ದುಬಾರಿ ಸಲಕರಣೆ ಬೇಡ. ಡಿಜಿಟಲ್ ಮೀಟರಿನ ಮುಖದ ಮೇಲೆ ಸಣ್ಣ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ನಮ್ಮದರಲ್ಲಿ 3200 ಎಂದಿದೆ. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಗಂಟೆ, ಅಂದರೆ 36 ಲಕ್ಷ ಜೂಲ್. ಅದನ್ನು 3200ರಿಂದ ಭಾಗಿಸಿದರೆ ಒಂದು ಮಿನುಗಿಗೆ 1125 ಜೂಲ್ ಆಯಿತು. ಹಾಗಾಗಿ ಒಂದು ಮಿನುಗಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡಿ, 1125ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಮನೆ ಆಗ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂಬುದು ಗೊತ್ತಾಗುತ್ತದೆ. ಮನೆಯವರೆಲ್ಲ ಹೊರಗಿದ್ದಾಗ ಫ್ಯಾನು, ದೀಪ, ಫ್ರಿಜ್ ಎಲ್ಲವನ್ನೂ ಆರಿಸಿ ಮೀಟರಿನ ಮುಂದೆ ನಿಂತೆ. ದೀಪ ಹನ್ನೆರಡು ಸೆಕೆಂಡಿಗೊಮ್ಮೆ ಮಿನುಗಿತು, ಮತ್ತೆ ಹನ್ನೆರಡು ಸೆಕೆಂಡಿಗೆ ಇನ್ನೊಮ್ಮೆ. ಲೆಕ್ಕ ಹಾಕಿದರೆ ಸುಮಾರು 94 ವ್ಯಾಟ್! ಯಾರೂ ಏನನ್ನೂ ಬಳಸದೆ ಇರುವಾಗ ಹರಿಯುತ್ತಿದ್ದ ಕರೆಂಟ್ ಅದು. ವರ್ಷಕ್ಕೆ 8760 ಗಂಟೆ. ಗುಣಿಸಿದರೆ 820 ಯೂನಿಟ್ ದಾಟುತ್ತದೆ.

ಒಂದೊಂದೇ ಪ್ಲಗ್ ಕೀಳುತ್ತಾ ಮಿನುಗಿನ ಅಂತರ ಹಿಗ್ಗುವುದನ್ನು ನೋಡಿದೆ. ಟಿವಿಯ ಸೆಟ್‌ಟಾಪ್ ಬಾಕ್ಸ್ ಆನ್ ಇದ್ದಾಗಲೂ ರಿಮೋಟಿನಿಂದ ಆರಿಸಿದಾಗಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಎಳೆಯುತ್ತಿತ್ತು. ಬ್ಯಾಟರಿ ತುಂಬಿದ್ದರೂ ಹಳೆಯ ಯುಪಿಎಸ್ ಸುಮ್ಮನಿರದೆ ಬೆಚ್ಚಗೆ ಕೂತಿತ್ತು. ಮುಟ್ಟಿ ನೋಡಿದರೆ ಬಿಸಿ ತಾಗುವ ಯಾವ ಪೆಟ್ಟಿಗೆಯೂ ಕರೆಂಟ್ ತಿನ್ನುತ್ತಿದೆ ಎಂದೇ ಅರ್ಥ. ಉಪಕರಣ ಸುಮ್ಮನೆ ಕಾಯುವಾಗ ಒಂದು ವ್ಯಾಟ್‌ಗಿಂತ ಹೆಚ್ಚು ಎಳೆಯಬಾರದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ಪ್ರಸ್ತಾಪಿಸಿತ್ತು. ಹಲವು ದೇಶಗಳು ಆಮೇಲೆ ಅದನ್ನು ನಿಯಮ ಮಾಡಿಕೊಂಡವು. ಹೊಸ ಟಿವಿ, ಚಾರ್ಜರ್‌ಗಳು ಇದರಿಂದ ಸುಧಾರಿಸಿವೆ. ನೆಟ್‌ವರ್ಕಿಗೆ ಸದಾ ಅಂಟಿಕೊಂಡಿರುವ ಪೆಟ್ಟಿಗೆಗಳು ಅಷ್ಟು ಸುಧಾರಿಸಿಲ್ಲ. ಅವಕ್ಕೆಲ್ಲ ಕೈಗೆ ಸಿಗುವ ಎತ್ತರದಲ್ಲಿ ಒಂದು ಸ್ವಿಚ್ ಕೊಟ್ಟೆ. ಸೋಫಾ ಹಿಂದಿನ ಪ್ಲಗ್ಗನ್ನು ದಿನಾ ಬಗ್ಗಿ ಆರಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. 94 ವ್ಯಾಟ್ ಈಗ 35ರ ಹತ್ತಿರ ಬಂದು ನಿಂತಿದೆ.

ನಮ್ಮ ಮನೆಯ ನಿಜವಾದ ದೊಡ್ಡ ಖರ್ಚು ಮಾತ್ರ ಬೇರೆಯೇ ಇತ್ತು. ದಿನಕ್ಕೆ 14 ಯೂನಿಟ್ ಆಗುತ್ತಿದ್ದ ಮನೆಯಲ್ಲಿ ಐದು ಯೂನಿಟ್ಟಿಗಿಂತ ಹೆಚ್ಚು ಗೀಸರ್ ಒಂದಕ್ಕೇ ಹೋಗುತ್ತಿತ್ತು. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಜೇಮ್ಸ್ ಜೂಲ್ ಪ್ರಯೋಗ ಮಾಡಿ ತೋರಿಸಿದ ಸಂಗತಿಯನ್ನು ನಮ್ಮಲ್ಲಿ ಬಹಳ ಜನ ಶಾಲೆಯಲ್ಲಿ ಓದಿ ಮರೆತಿದ್ದೇವೆ. ಒಂದು ಲೀಟರ್ ನೀರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಕ್ತಿಯಲ್ಲಿ ಅದೇ ನೀರನ್ನು ಸುಮಾರು 427 ಮೀಟರ್ ಮೇಲಕ್ಕೆ ಎತ್ತಬಹುದು. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸುವ ಪಂಪ್ ಎಷ್ಟೇ ಸದ್ದು ಮಾಡಿದರೂ ಅದರ ಖರ್ಚು ಅತ್ಯಲ್ಪ. ಸದ್ದೇ ಇಲ್ಲದೆ ಗೋಡೆಗೆ ಅಂಟಿಕೊಂಡಿರುವ ಗೀಸರಿನ ಖರ್ಚೇ ದೊಡ್ಡದು. 150 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 5.2 ಯೂನಿಟ್ ಶಾಖ ಬೇಕು. ಈ ಲೆಕ್ಕದಿಂದ ಯಾವ ಕಂಪನಿಯ ಗೀಸರೂ ತಪ್ಪಿಸಿಕೊಳ್ಳಲಾರದು, ಅದಕ್ಕೆ ಎಷ್ಟೇ ಸ್ಟಾರ್ ಇರಲಿ.

ಅಷ್ಟು ಶಾಖವನ್ನು ಕಾಯಿಲ್ ಸುಟ್ಟು ಹುಟ್ಟಿಸಲೇಬೇಕು ಅಂತಿಲ್ಲ. ಹೊರಗಿನ ಗಾಳಿಯಲ್ಲಿ ಇರುವ ಶಾಖವನ್ನೇ ಎಳೆದು ನೀರಿಗೆ ತುಂಬಬಹುದು. ಹೀಟ್ ಪಂಪ್ ಮಾಡುವುದು ಅದನ್ನೇ. ಫ್ರಿಜ್ಜಿನೊಳಗಿನ ಕೆಲಸವೇ ಇಲ್ಲಿ ನೀರು ಕಾಯಿಸಲು ಬಳಕೆಯಾಗುತ್ತದೆ: ಕಂಪ್ರೆಸರ್ ಒಂದು ಯೂನಿಟ್ ತೆಗೆದುಕೊಂಡರೆ ಮೂರು ಯೂನಿಟ್ಟಿನಷ್ಟು ಶಾಖ ನೀರಿಗೆ ಸಿಗುತ್ತದೆ. ಹೊರಗೆ ಬೆಚ್ಚಗಿದ್ದರೆ ಇನ್ನೂ ಹೆಚ್ಚು, ಚಳಿ ಜಾಸ್ತಿಯಾದರೆ ಕಡಿಮೆ. ನಮ್ಮ ಐದು ಯೂನಿಟ್ 1.7ಕ್ಕೆ ಇಳಿದಿದ್ದು ಹೀಗೆ. ತಾರಸಿಯಲ್ಲಿ ಧಾರಾಳ ಜಾಗ ಇರುವವರಿಗೆ ಸೋಲಾರ್ ವಾಟರ್ ಹೀಟರೇ ಒಳ್ಳೆಯದು. ಬಿಸಿಲನ್ನು ನೇರ ಶಾಖ ಮಾಡುವ ಕೊಳವೆಗಳು ಅಷ್ಟೇ ಜಾಗದಲ್ಲಿ ವಿದ್ಯುತ್ ಪ್ಯಾನೆಲ್‌ಗಿಂತ ಎರಡು ಮೂರು ಪಟ್ಟು ಶಕ್ತಿ ಹಿಡಿಯುತ್ತವೆ. ನಮಗೆ ಇದ್ದಿದ್ದು ಸಣ್ಣ ತಾರಸಿ. ಅದನ್ನು ಪ್ಯಾನೆಲ್‌ಗಳಿಗೆ ಬಿಟ್ಟು, ಹೀಟ್ ಪಂಪನ್ನು ಬಟ್ಟೆ ಒಗೆಯುವ ಜಾಗದ ಪಕ್ಕದಲ್ಲಿ ಕೂರಿಸಿದೆವು.

ಹೀಟ್ ಪಂಪ್ ಕೊಳ್ಳುವಾಗ ಎರಡು ವಿಷಯ ನೋಡಿಕೊಳ್ಳಿ. ಒಂದು, ಅದರೊಳಗಿನ ಶೀತಕ ಅನಿಲ. ಆರ್-134ಎ ಒಂದು ಕೆಜಿ ಸೋರಿದರೆ ಸುಮಾರು 1400 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ತಾಪ ಹಿಡಿಯುತ್ತದೆ. ಆರ್-290 ಎನ್ನುವುದು ಪ್ರೋಪೇನ್. ಅದರ ಲೆಕ್ಕ ಒಂದಂಕಿಯಲ್ಲೇ ಮುಗಿಯುತ್ತದೆ. ಬೆಂಕಿ ಹತ್ತುವ ಅನಿಲ ಆದ್ದರಿಂದ ಅಂಥ ಯಂತ್ರಕ್ಕೆ ಗಾಳಿಯಾಡುವ ಜಾಗವೇ ಬೇಕು. ಇನ್ನೊಂದು, ಥರ್ಮೋಸ್ಟ್ಯಾಟ್. ಉಳಿತಾಯ ಎಂದು ಟ್ಯಾಂಕಿನ ನೀರನ್ನು ಸದಾ ಉಗುರುಬೆಚ್ಚಗೆ ಇಡಬೇಡಿ. ಶ್ವಾಸಕೋಶದ ಕಾಯಿಲೆ ತರುವ ಲೀಜಿಯನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವುದು ಅಂಥ ನೀರಿನಲ್ಲೇ. ಆಗಾಗ 60 ಡಿಗ್ರಿ ಮುಟ್ಟಿಸುವ ವ್ಯವಸ್ಥೆ ಇರುವ ಯಂತ್ರವನ್ನೇ ಆರಿಸಿ.

ಫ್ಯಾನುಗಳದ್ದು ಸುಲಭದ ಕೆಲಸ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಆಸುಪಾಸು ಎಳೆದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರಿನ) ಫ್ಯಾನ್ ಪೂರ್ತಿ ವೇಗದಲ್ಲೂ 30ರ ಹತ್ತಿರವೇ ಇರುತ್ತದೆ. ವೇಗ ತಗ್ಗಿಸಿದರಂತೂ ಖರ್ಚು ಘನದ ಲೆಕ್ಕದಲ್ಲಿ ಇಳಿಯುತ್ತದೆ: ಗಾಳಿ ತಳ್ಳಲು ಬೇಕಾದ ಶಕ್ತಿ ಶೇಕಡಾ 80ರ ವೇಗಕ್ಕೆ ಅರ್ಧದಷ್ಟು ಸಾಕು. ಐದು ಫ್ಯಾನ್ ಬದಲಾಯಿಸಿದ್ದರಿಂದ ದಿನಕ್ಕೆ ಎರಡು ಯೂನಿಟ್ ಮೇಲೆ ಉಳಿಯಿತು. ಫ್ರಿಜ್ಜಿನ ಬಾಗಿಲ ರಬ್ಬರಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿದೆ. ಎಳೆದರೆ ಸಲೀಸಾಗಿ ಜಾರಿ ಕೈಗೆ ಬಂತು. ರಬ್ಬರ್ ಬದಲಾಯಿಸಿ, ಹಿಂಭಾಗವನ್ನು ಗೋಡೆಯಿಂದ ಒಂದು ಗೇಣು ಈಚೆ ತಂದಿದ್ದಷ್ಟೇ. ಎಲ್‌ಇಡಿ ದೀಪಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರ ಮನೆಗೂ ಬಂದಿವೆ. ಅಲ್ಲಿ ಇನ್ನು ಉಳಿಸುವಂಥದ್ದು ಹೆಚ್ಚೇನೂ ಇಲ್ಲ.

ಎಸಿಯ ವಿಷಯದಲ್ಲಿ ನಾವು ಮುಟ್ಟಿದ್ದು ಎಸಿಯನ್ನಲ್ಲ, ತಾರಸಿಯನ್ನು. ಮಧ್ಯಾಹ್ನ ಹೀರಿದ ಬಿಸಿಯನ್ನು ಕಾಂಕ್ರೀಟ್ ಸ್ಲ್ಯಾಬ್ ರಾತ್ರಿಯವರೆಗೂ ಒಳಗೆ ಬಿಡುತ್ತಾ ಇರುತ್ತದೆ. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಲೇಪನವನ್ನು ತಾರಸಿಗೆ ಹೊಡೆಸಿದೆವು. ಸಂಜೆ ಒಳಗಿನಿಂದ ಸೀಲಿಂಗಿಗೆ ಅಂಗೈ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಪಶ್ಚಿಮದ ಕಿಟಕಿಗೆ ಒಳಗೆ ಪರದೆ ಹಾಕುವ ಬದಲು ಹೊರಗೆ ತಟ್ಟಿ ಇಳಿಬಿಟ್ಟೆವು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಒಳಗೆ ಕಾದ ವಸ್ತುಗಳ ಶಾಖವನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಆದ್ದರಿಂದ ಬಿಸಿಲನ್ನು ಗಾಜಿಗೆ ಮುಟ್ಟುವ ಮೊದಲೇ ತಡೆಯಬೇಕು. ಈಗ ಫ್ಯಾನ್ ಜೊತೆಗೆ ಎಸಿಯನ್ನು 26ರಲ್ಲಿ ಇಟ್ಟರೆ ಸಾಕಾಗುತ್ತದೆ.

ಇಷ್ಟಾದ ಮೇಲೆ ದಿನದ ಬಳಕೆ ಏಳು ಯೂನಿಟ್ಟಿನ ಒಳಗೆ ಬಂತು. ಇಲ್ಲಿ ಒಂದು ಮಾತು ಹೇಳಬೇಕು. ಕಲ್ಲಿದ್ದಲು ಸ್ಥಾವರದಲ್ಲಿ ಉರಿದ ಶಾಖದ ಮೂರನೇ ಒಂದು ಭಾಗದ ಆಸುಪಾಸು ಮಾತ್ರ ವಿದ್ಯುತ್ ಆಗುತ್ತದೆ, ಮಿಕ್ಕಿದ್ದು ಚಿಮಣಿ, ಕೂಲಿಂಗ್ ಟವರ್‌ಗಳಿಂದ ಹಾರಿಹೋಗುತ್ತದೆ. ಮನೆಯಲ್ಲಿ ಒಂದು ಯೂನಿಟ್ ಉಳಿದರೆ ಅಲ್ಲಿ ಮೂರು ಯೂನಿಟ್ಟಿನಷ್ಟು ಕಲ್ಲಿದ್ದಲಿನ ಶಾಖ ಉಳಿಯುತ್ತದೆ. ಸುಮಾರು ಒಂದು ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದು ತಪ್ಪುತ್ತದೆ. ಪ್ಯಾನೆಲ್ ಇಲ್ಲದವರೂ, ಬಾಡಿಗೆ ಮನೆಯವರೂ ಇಷ್ಟನ್ನು ಮಾಡಬಹುದು. ಮಾಡಬೇಕು ಎಂದೇ ನನ್ನ ಒತ್ತಾಯ.

ಆಮೇಲೆ ಇಂಡಕ್ಷನ್ ಒಲೆ ಬಂತು. ಗ್ಯಾಸ್ ಒಲೆಯ ಶಾಖದಲ್ಲಿ ಅರ್ಧದಷ್ಟು ಪಾತ್ರೆಯ ಪಕ್ಕದಿಂದಲೇ ಹೋಗಿಬಿಡುತ್ತದೆ. ಇಂಡಕ್ಷನ್‌ನಲ್ಲಿ ಪಾತ್ರೆಯ ತಳವೇ ಕಾಯುವುದರಿಂದ ಶೇಕಡಾ 85ರಷ್ಟು ಅಡುಗೆಗೆ ಸಿಗುತ್ತದೆ, ಗ್ಯಾಸ್ ಉರಿಯುವಾಗ ಹುಟ್ಟುವ ನೈಟ್ರೋಜನ್ ಡೈಆಕ್ಸೈಡನ್ನು ಉಸಿರಾಡುವುದೂ ತಪ್ಪುತ್ತದೆ. ‘ಉರಿ ಕಾಣದೆ ಹದ ಹೇಗೋ ಗೊತ್ತಾಗೋದು?’ ಎಂದು ಅಮ್ಮ ಶುರುವಿಗೆ ಒಪ್ಪಲಿಲ್ಲ. ಅಯಸ್ಕಾಂತ ಹಿಡಿದು ಯಾವ ಪಾತ್ರೆ ನಡೆಯುತ್ತದೆ ಎಂದು ಒಂದೊಂದನ್ನೇ ವಿಂಗಡಿಸಿ ಇಟ್ಟವರೂ ಅವರೇ. ಪೆಟ್ರೋಲ್ ಸ್ಕೂಟರ್ ಹೋಗಿ ಎಲೆಕ್ಟ್ರಿಕ್ ಬಂತು. ಒಂದು ಲೀಟರ್ ಪೆಟ್ರೋಲಿನಲ್ಲಿ ಒಂಬತ್ತು ಯೂನಿಟ್ಟಿನಷ್ಟು ಶಕ್ತಿ ಇದೆ. ನೂರು ಕಿಲೋಮೀಟರಿಗೆ ಎರಡು ಲೀಟರ್ ಎಂದರೆ 18 ಯೂನಿಟ್. ಎಲೆಕ್ಟ್ರಿಕ್ ಸ್ಕೂಟರಿಗೆ ಅದೇ ದೂರಕ್ಕೆ ಮೂರು ಯೂನಿಟ್ ಸಾಕು. ಒಲೆ, ಸ್ಕೂಟರ್ ಸೇರಿ ಬಳಕೆ ಒಂಬತ್ತೂವರೆಗೆ ಏರಿತು. ಮೂರು ಕಿಲೋವ್ಯಾಟ್ ಎಂದು ಗಟ್ಟಿ ಮಾಡಿದ್ದು ಈ ಲೆಕ್ಕದ ಮೇಲೆ.

ಬಿಸಿಲು ಚೆನ್ನಾಗಿರುವ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಧ್ರುವಗಳ ಕಡೆ ಹೋದಂತೆ, ಅದರಲ್ಲೂ ಚಳಿಗಾಲದಲ್ಲಿ, ಬಹಳ ಇಳಿಯುತ್ತದೆ. ಯುರೋಪಿಯನ್ ಕಮಿಷನ್ ಉಚಿತವಾಗಿ ಕೊಟ್ಟಿರುವ ಪಿವಿಜಿಐಎಸ್ ಎಂಬ ಸಾಧನದಲ್ಲಿ ನಿಮ್ಮ ಜಾಗ ಗುರುತು ಮಾಡಿದರೆ ತಿಂಗಳುವಾರು ಅಂದಾಜು ಸಿಗುತ್ತದೆ. ಮಾರುವವರ ಮಾತಿನ ಜೊತೆ ಅದನ್ನೂ ಇಟ್ಟು ನೋಡಿ. 1954ರಲ್ಲಿ ಬೆಲ್ ಪ್ರಯೋಗಾಲಯ ತೋರಿಸಿದ ಸಿಲಿಕಾನ್ ಕೋಶ ಬಿಸಿಲಿನ ಶೇಕಡಾ 6ರಷ್ಟನ್ನು ವಿದ್ಯುತ್ ಮಾಡುತ್ತಿತ್ತು. ಈಗ ಮಾರುಕಟ್ಟೆಯ ಸಾಮಾನ್ಯ ಪ್ಯಾನೆಲ್ಲೇ 20 ದಾಟಿದೆ. ಆದರೆ ಪ್ಯಾನೆಲ್ ಹಿಂದೆ ಬರೆದಿರುವ ವ್ಯಾಟ್ ಕೋಶದ ಬಿಸಿ 25 ಡಿಗ್ರಿ ಇದ್ದಾಗಿನದು. ಸುಡುಬಿಸಿಲಲ್ಲಿ ಕೋಶ 65 ಮುಟ್ಟುತ್ತದೆ. ಪ್ರತಿ ಡಿಗ್ರಿಗೆ ಶೇಕಡಾ 0.35ರಂತೆ ಉತ್ಪಾದನೆ ಶೇಕಡಾ 14 ಕಡಿಮೆಯಾಗುತ್ತದೆ. ಅದಕ್ಕೇ ಪ್ಯಾನೆಲ್‌ಗಳನ್ನು ತಾರಸಿಗೆ ಅಂಟಿಸದೆ ಕೆಳಗೆ ಗಾಳಿ ಓಡಾಡುವಷ್ಟು ಎತ್ತರದಲ್ಲಿ ಕೂರಿಸಬೇಕು. ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆ ಎಂದು ಬೆಳಗ್ಗೆ, ಸಂಜೆ ಎರಡೂ ಹೊತ್ತು ನೋಡಿ ಜಾಗ ಗುರುತು ಮಾಡಿದೆವು. ಪ್ಯಾನೆಲ್‌ಗಳು ಸಾಲಾಗಿ ಸೇರಿರುವುದರಿಂದ ಒಂದು ಪೈಪಿನ ನೆರಳೂ ತನ್ನ ಅಗಲಕ್ಕಿಂತ ಹೆಚ್ಚು ನಷ್ಟ ಮಾಡುತ್ತದೆ.

ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಒಗ್ಗುವಂತೆ ಬದಲಾಯಿಸುವ ಪೆಟ್ಟಿಗೆಯೇ ಇನ್ವರ್ಟರ್. ಗ್ರಿಡ್ಡಿಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ, ಜೋಡಿಸಿದ ಸಾಮಾನ್ಯ ಇನ್ವರ್ಟರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಅಷ್ಟೇ. ಹೊಸದಾಗಿ ಹಾಕಿಸಿದವರಿಗೆ ಇದು ಬೇಸರ ತರಿಸುತ್ತದೆ. ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೆ ಇರುವ ವ್ಯವಸ್ಥೆ ಇದು. ಕರೆಂಟ್ ಹೋದಾಗಲೂ ಬೇಕು ಅಂದರೆ ಗ್ರಿಡ್, ಬ್ಯಾಟರಿ ಎರಡರ ಜೊತೆಗೂ ನಡೆಯುವ ಹೈಬ್ರಿಡ್ ಇನ್ವರ್ಟರ್, ಜೊತೆಗೆ ಬ್ಯಾಟರಿ ಬೇಕು. ರಾತ್ರಿ ನಮಗೆ ತೀರಾ ಬೇಕಾದದ್ದು ಮೂರು ಫ್ಯಾನ್, ಫ್ರಿಜ್, ದೀಪ, ರೌಟರ್. ಸುಮಾರು 200 ವ್ಯಾಟ್. ಹನ್ನೆರಡು ಗಂಟೆಗೆ 2.4 ಯೂನಿಟ್ ಆಯಿತು. ಐದು ಯೂನಿಟ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದಕ್ಕೆ ಧಾರಾಳ. ಹಳೆಯ ಫ್ಯಾನುಗಳೇ ಇದ್ದಿದ್ದರೆ 2.4ರ ಬದಲು ನಾಲ್ಕು ಯೂನಿಟ್ ಬೇಕಾಗುತ್ತಿತ್ತು. ಲೆಡ್ ಆಸಿಡ್ ಬ್ಯಾಟರಿ ಅಗ್ಗ ನಿಜ, ಆದರೆ ಬಾಳಿಕೆ ಬರಬೇಕಾದರೆ ಅದರ ಅರ್ಧವನ್ನಷ್ಟೇ ಬಳಸಬೇಕು.

ಗಾಳಿ ಬಂದಾಗ ತೂರಿಕೊಳ್ಳಬೇಕು. ಹೀಟ್ ಪಂಪಿಗೆ ಟೈಮರ್ ಇಟ್ಟು ಹನ್ನೊಂದರಿಂದ ಎರಡರ ನಡುವೆ ಓಡಿಸುತ್ತೇವೆ. ಆ ಹೊತ್ತಿನಲ್ಲಿ ಗಾಳಿಯೂ ಬೆಚ್ಚಗಿರುವುದರಿಂದ ಅದರ ಕೆಲಸವೂ ಹಗುರ. ವಾಷಿಂಗ್ ಮಷಿನ್, ಪಂಪ್, ಸ್ಕೂಟರ್ ಸಾಧ್ಯವಾದಷ್ಟೂ ಹಗಲಿಗೇ. ಬಿಸಿ ನೀರಿನ ಟ್ಯಾಂಕ್ ಮನೆಯಲ್ಲಿರುವ ಅತ್ಯಂತ ಅಗ್ಗದ ಬ್ಯಾಟರಿ ಎಂದು ನಾನು ಎಲ್ಲರಿಗೂ ಹೇಳುವುದುಂಟು. ಅಡುಗೆ ಮಾತ್ರ ಬಿಸಿಲಿಗೆ ಕಾಯುವುದಿಲ್ಲ. ಬೆಳಗ್ಗೆ, ರಾತ್ರಿ ಗ್ರಿಡ್ಡಿನಿಂದ ತೆಗೆದುಕೊಂಡು ಮಧ್ಯಾಹ್ನ ಹೆಚ್ಚಾದದ್ದನ್ನು ಅದಕ್ಕೇ ಕೊಡುತ್ತೇವೆ. ಮೋಡ ಮುಚ್ಚಿದ ವಾರಗಳಲ್ಲಿ ಗ್ರಿಡ್ಡೇ ಆಧಾರ. ಅಂಥ ವಾರಕ್ಕೂ ಸಾಲುವಷ್ಟು ಬ್ಯಾಟರಿ ಪೇರಿಸುವುದು ದುಡ್ಡಿಗೂ ದಂಡ, ಲೋಹಕ್ಕೂ ದಂಡ.

ನಿರ್ವಹಣೆ ಹೆಚ್ಚಿಲ್ಲ. ಧೂಳು ತೊಳೆಯುವುದು ಬೆಳ್ಳಂಬೆಳಗ್ಗೆ, ಗಾಜು ತಣ್ಣಗಿರುವಾಗ. ಕಾದ ಗಾಜಿಗೆ ತಣ್ಣೀರು ಎರಚಬಾರದು. ಅರ್ಥಿಂಗ್ ಅಳತೆಯನ್ನು ವರ್ಷಕ್ಕೊಮ್ಮೆ ಮಾಡಿಸುತ್ತೇವೆ. ಅಳವಡಿಸುವ ದಿನ ನೀವೇ ತಾರಸಿಗೆ ಹೋಗಿ ಒಂದು ಪರೀಕ್ಷೆ ಮಾಡಿ: ಪ್ಯಾನೆಲ್ ತಂತಿಗಳನ್ನು ಜೋಡಿಸುವ ಕನೆಕ್ಟರಿನ ಎರಡೂ ಅರ್ಧ ಒಂದೇ ಕಂಪನಿಯದಾಗಿರಬೇಕು. ನೋಡಲು ಒಂದೇ ಥರ ಇದ್ದು ‘ಟಕ್’ ಎಂದು ಕೂತರೂ ಬೇರೆ ಬೇರೆ ಕಂಪನಿಯ ಅರ್ಧಗಳ ನಡುವೆ ಹಿಡಿತ ಸಡಿಲಾಗಿ ಬಿಸಿಯಾಗುತ್ತದೆ. ಪ್ಯಾನೆಲ್‌ನಿಂದ ಬರುವ, ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟಿನಲ್ಲಿ ಕಿಡಿ ಒಮ್ಮೆ ಹತ್ತಿದರೆ ಸುಲಭಕ್ಕೆ ತಾನಾಗಿ ಆರುವುದಿಲ್ಲ. ತಾರಸಿ ಸೋಲಾರ್‌ನಲ್ಲಿ ಬೆಂಕಿಗೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಜೋಡಿಸಿದ ಕನೆಕ್ಟರ್‌ಗಳು ತಾರಸಿಯ ನೆಲದ ಮೇಲೆ, ನೀರು ನಿಲ್ಲುವ ಕಡೆ ಬಿದ್ದಿರಕೂಡದು. ಚೌಕಟ್ಟಿಗೆ ಎತ್ತಿ ಕಟ್ಟಿಸಿ, ಆಮೇಲೇ ಉಳಿದ ಹಣ ಕೊಡಿ.