ಅವ್ವನ ಲಿವಿಂಗ್ ವಿಲ್: ನೋಟರಿ ಹತ್ತಿರ ನಿಂತಿದ್ದ ಕೆಲಸ ಮುಗಿದದ್ದು ಹೀಗೆ

ಕಾಕಾ ಹನ್ನೊಂದು ದಿನ ವೆಂಟಿಲೇಟರ್‌ನಲ್ಲಿದ್ದರು. ಅವರಿಗೆ ಏನು ಬೇಕಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ. ಐಸಿಯು ಬಾಗಿಲಲ್ಲೇ ಮಕ್ಕಳು ಜಗಳಾಡಿದರು. ಕಲಬುರಗಿಯ ಮನೆಗೆ ಬಂದವಳೇ ಅವ್ವ, "ನಂದು ಈಗ್ಲೇ ಬರೆದಿಡು" ಅಂದಳು.

ಬರೆದೆವು. ಲಿವಿಂಗ್ ವಿಲ್ ಅಂದರೆ ಇದೇ: ಮುಂದೆ ಮಾತಾಡಲು ಆಗದಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಕಾಗದ. ವಾಸಿಯಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರ್ ಬೇಡ. ನೋವಿನ ಔಷಧ ಮಾತ್ರ ನಿಲ್ಲಿಸಬಾರದು. ಅವಳಿಗೆ ಮಾತಾಡಲು ಆಗದಿದ್ದರೆ ನಾನು, ಅಕ್ಕ ಹೇಳಬೇಕು.

ಆದರೆ ಮ್ಯಾಜಿಸ್ಟ್ರೇಟ್ ಸಹಿ ಬೇಕು ಅಂತ ನೋಟರಿಯವರು ವಾಪಸ್ ಕಳಿಸಿದರು. ಅದು ಸುಪ್ರೀಂ ಕೋರ್ಟಿನ 2018ರ ತೀರ್ಪಿನ ನಿಯಮ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಅದನ್ನು ಸಡಿಲಿಸಿದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಆ ಆದೇಶದ ಪ್ರಿಂಟ್ ತೆಗೆದುಕೊಂಡು ಹೋದೆ. ಓದಿದರು, ಸೀಲ್ ಒತ್ತಿದರು. ಸಾಕ್ಷಿಗೆ ಪಕ್ಕದ ಮನೆಯವರನ್ನೇ ಕರೆದಿದ್ದೆವು. ಮನೆಮಂದಿ ಬೇಡ ಅನ್ನಿಸಿತು, ಆಮೇಲೆ ಮಾತು ಬರಬಾರದು ಅಲ್ವಾ?

ಒಂದು ಪ್ರತಿ ನಮ್ಮ ಡಾಕ್ಟರಿಗೆ, ಒಂದು ಪಾಲಿಕೆಗೆ. ಹಾಗಂತ ಈ ಕಾಗದ ನೋಡಿದ ತಕ್ಷಣ ಯಾರೂ ಯಂತ್ರ ತೆಗೆಯುವುದಿಲ್ಲ. ಡಾಕ್ಟರುಗಳ ಎರಡು ಮಂಡಳಿ ಒಪ್ಪಬೇಕು. ಮನಸ್ಸು ಬದಲಾದರೆ ಅವ್ವ ಯಾವಾಗ ಬೇಕಾದರೂ ರದ್ದು ಮಾಡಬಹುದು.

ಇದು ವಯಸ್ಸಾದವರಿಗೆ ಮಾತ್ರ ಅಂತ ಸುಮ್ನೆ ಕೂರಬೇಡಿ. 18 ತುಂಬಿದ ಯಾರಾದರೂ ಬರೆಯಬಹುದು. ನನ್ನದೂ ಬರೆದೆ. ಎರಡೂ ಈಗ ಅವ್ವನ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಕೆಳಗಿವೆ.